ಚೆನ್ನೆಮಣೆಯ ಮುಂದೆ ಕೂತ ಮಗು

ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ಕಾಸರಗೋಡಿನ ನಮ್ಮ ಕುಂಬಳೆ ಕಡೆಯ ಮನೆಗಳಲ್ಲಿ, ಗುಳಿ ತೋಡಿದ ಆಟದ ಮಣೆಯಾದ ಚೆನ್ನೆಮಣೆ ಅಟ್ಟದಿಂದ ಜಗಲಿಗೆ ಇಳಿಯುತ್ತದೆ. ಸಾಲಿಗೆ ಏಳರಂತೆ ಎರಡು ಸಾಲು, 14 ಗುಳಿ. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಕಳೆದ ವರ್ಷ ತಂಗಿಯ ನಾಲ್ಕು ವರ್ಷದ ಮಗಳೂ ಬಂದು ಕೂತಳು. ಇಪ್ಪತ್ತರವರೆಗೆ ಸರಾಗವಾಗಿ ಹೇಳುವ ಮಗು. ಐದು ಬೀಜ ಎಣಿಸು ಅಂದರೆ ಮಾತ್ರ ಬೆರಳು ಮೂರನೆಯದರಲ್ಲಿರುವಾಗಲೇ ಬಾಯಿ ಏಳು ದಾಟಿರುತ್ತಿತ್ತು.

ಅಂಕಿ ಬಾಯಿಪಾಠ ಬೇರೆ, ಎಣಿಕೆ ಬೇರೆ. ಒಂದು ವಸ್ತುವಿಗೆ ಒಂದೇ ಅಂಕಿ, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ. ಎಣಿಕೆಯ ಹಿಂದಿನ ಇಂಥ ನಿಯಮಗಳನ್ನು ಮನೋವಿಜ್ಞಾನಿಗಳಾದ ರೋಶೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ಬಿಡಿಸಿಟ್ಟರು. ಚೆನ್ನೆಮಣೆ ಮೊದಲ ನಿಯಮವನ್ನು ನೇರ ಕೈಗೇ ಕಲಿಸುತ್ತದೆ. ಬೀಜ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತ ಹೋಗಬೇಕು. ಗುಳಿ ತಪ್ಪಿದರೆ, ಎರಡು ಬೀಜ ಒಟ್ಟಿಗೆ ಬಿದ್ದರೆ ಎದುರು ಕೂತ ಅಜ್ಜಿ ಕೂಡಲೇ ಕೈ ತಡೆಯುತ್ತಿದ್ದರು.

ಗಡಿನಾಡಿನ ಅಂಗನವಾಡಿಗೆ ಇದಕ್ಕಿಂತ ಒಪ್ಪುವ ಸಾಧನ ನನಗಂತೂ ಕಾಣೆ. ಪಕ್ಕಪಕ್ಕ ಕೂತ ಮಕ್ಕಳಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಮಲಯಾಳ, ಮತ್ತೊಬ್ಬಳದು ಕನ್ನಡ. ಮೂಜಿ, ಮೂನ್ನ್, ಮೂರು. ಹೇಗೆ ಕರೆದರೂ ಗುಳಿಯಲ್ಲಿರುವ ಬೀಜ ಅಷ್ಟೇ. ಗುಳಿಗೆ ನಾಲ್ಕು ಎಂಬ ಲೆಕ್ಕವೂ ಮಗುವಿಗೆ ಹಿತ. ಎಣಿಸದೆ ಒಂದೇ ನೋಟಕ್ಕೆ ಇಷ್ಟಿದೆ ಎಂದು ತಿಳಿಯುವ ನಮ್ಮ ಶಕ್ತಿ ಮೂರು-ನಾಲ್ಕರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಅಮೆರಿಕದ ಮನೋವಿಜ್ಞಾನಿಗಳಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಡ ಕುಟುಂಬಗಳ ಪುಟ್ಟ ಮಕ್ಕಳು 1ರಿಂದ 10ರವರೆಗೆ ಅಂಕಿ ಬರೆದ ಚೌಕಗಳಿದ್ದ ಪಟದಲ್ಲಿ ಅಂಕಿ ಹೇಳುತ್ತ ಕಾಯಿ ನಡೆಸಿದರು. ಎರಡು ವಾರದಲ್ಲಿ ನಾಲ್ಕೇ ಸಲ ಆಡಿಸಿದ್ದು. ಒಂಬತ್ತು ವಾರ ಕಳೆದರೂ ಕಲಿತದ್ದು ಉಳಿದಿತ್ತು. ಅಂಕಿಯಿಲ್ಲದ ಬಣ್ಣದ ಚೌಕಗಳಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಹಾಗಾಗಿ ಚೆನ್ನೆಯಲ್ಲೂ ಬೀಜ ಬಿಡುವಾಗ ಗಟ್ಟಿಯಾಗಿ ಎಣಿಸಲು ಹೇಳಿ, ಯಾವ ಭಾಷೆಯಾದರೂ ಸರಿ.

ಮೂರು ತುಂಬದ ಮಕ್ಕಳ ಕೈಗೆ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು. ಕಪ್ಪು ಕಣ್ಣಿನ ಗುಲಗಂಜಿ ಯಾವ ವಯಸ್ಸಿನ ಮಕ್ಕಳಿಗೂ ಬೇಡ, ಅದು ವಿಷ.

ಆಟಿ ಮುಗಿಯುವ ಹೊತ್ತಿಗೆ ನಮ್ಮ ಹುಡುಗಿ ಗುಳಿಯ ಬೀಜಕ್ಕೆ ಕೈ ಹಾಕುವ ಮೊದಲೇ ಮುಂದಿನ ಗುಳಿಗಳ ಅಂಚನ್ನು ಬೆರಳಿನಿಂದ ಮುಟ್ಟುತ್ತ ಹೋಗುತ್ತಿದ್ದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ನೋಡಿಕೊಂಡೇ ಬಾಚುತ್ತಿದ್ದಳು.