ಮೇಲಿನ ಮಹಡಿಯ ಶವರ್‌ನಲ್ಲಿ ನೀರು ಏಕೆ ಸೊರಗುತ್ತದೆ?

ಬೆಂಗಳೂರಿನ ಸ್ವತಂತ್ರ ಮನೆಗಳಿಂದ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಕೆಳಗಿನ ಬಾಡಿಗೆ ಮನೆಯಲ್ಲಿ ನೀರು ರಭಸವಾಗಿ ಬರುತ್ತದೆ, ಮಾಲೀಕರೇ ವಾಸವಿರುವ ಮೇಲಿನ ಮಹಡಿಯಲ್ಲಿ ಮಾತ್ರ ಶವರ್ ತಿರುಗಿಸಿದರೆ ನೂಲಿನಂತೆ ಇಳಿಯುತ್ತದೆ. ದೂರಿನ ಬೆನ್ನಿಗೇ ಪರಿಹಾರವೂ ಸಿದ್ಧವಾಗಿರುತ್ತದೆ: "ಒಂದು ಪ್ರೆಷರ್ ಪಂಪ್ ಹಾಕಿಸಿಬಿಡೋಣವೇ ಸಾರ್?" ಪಂಪ್ ನಿಜವಾಗಿ ಬೇಕಾದ ಮನೆಗಳು ಇಲ್ಲದಿಲ್ಲ. ಆದರೆ ಒತ್ತಡವೇ ಕಡಿಮೆಯಿದೆಯೋ, ಅಥವಾ ಇರುವ ಒತ್ತಡವನ್ನು ದಾರಿಯಲ್ಲಿ ಏನಾದರೂ ತಡೆಯುತ್ತಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳದೆ ಪಂಪ್ ಕೊಳ್ಳುವುದು ಬಹುತೇಕ ದುಡ್ಡು ದಂಡ ಮಾಡುವ ಕೆಲಸ. ಹಳೆಯ ಪೈಪುಗಳಿರುವ ಮನೆಯಲ್ಲಿ ಅದು ಹೊಸ ಸೋರಿಕೆಗೂ ದಾರಿ ಮಾಡಿಕೊಡುತ್ತದೆ.

ನಮ್ಮ ಮನೆಗಳಲ್ಲಿ ನೀರು ಸಂಪಿನಿಂದ ಮೋಟಾರಿನ ಮೂಲಕ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರದಿಂದಲೇ ಇಳಿಯುತ್ತದೆ. ಹೀಗಾಗಿ ಟ್ಯಾಂಕಿನಲ್ಲಿರುವ ನೀರಿನ ಮಟ್ಟಕ್ಕೂ ಶವರ್ ಹೆಡ್ಡಿಗೂ ನಡುವೆ ಎಷ್ಟು ಎತ್ತರವಿದೆ ಎಂಬುದೇ ಒತ್ತಡವನ್ನು ನಿರ್ಧರಿಸುತ್ತದೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಒತ್ತಡದ ಅಳತೆ) ಎಂದು ಲೆಕ್ಕ ಹಿಡಿಯಬಹುದು. ಮಹಡಿಯ ಎತ್ತರ 3 ಮೀಟರ್, ಶವರ್ ಹೆಡ್ ನೆಲದಿಂದ 2.1 ಮೀಟರ್ ಮೇಲಿದೆ ಎಂದಿಟ್ಟುಕೊಂಡರೆ ತಾರಸಿಯವರೆಗೆ ಉಳಿಯುವುದು 0.9 ಮೀಟರ್. ಟ್ಯಾಂಕನ್ನು 1 ಮೀಟರ್ ಎತ್ತರದ ಕಟ್ಟೆಯ ಮೇಲಿಟ್ಟು, ಅದರೊಳಗೆ 0.6 ಮೀಟರ್ ನೀರಿದ್ದರೆ ಒಟ್ಟು 2.5 ಮೀಟರ್, ಅಂದರೆ ಕೇವಲ 0.25 ಬಾರ್. ಎರಡು ಮಹಡಿ ಕೆಳಗಿರುವ ನೆಲಮಹಡಿಯ ಶವರಿಗೆ ಅದೇ ಟ್ಯಾಂಕಿನಿಂದ 0.85 ಬಾರ್ ಸಿಗುತ್ತದೆ. ಟ್ಯಾಂಕ್ ದೊಡ್ಡದಾದರೆ ರಭಸ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ನೀರಿನ ಮಟ್ಟ ಒಂದೇ ಆಗಿದ್ದರೆ 500 ಲೀಟರಿನ ಟ್ಯಾಂಕೂ 2000 ಲೀಟರಿನ ಟ್ಯಾಂಕೂ ಕೊಡುವ ಒತ್ತಡ ಒಂದೇ. ಅಂಗಡಿಯಲ್ಲಿ ಥಳಥಳಿಸುವ ಅಗಲವಾದ ರೇನ್ ಶವರ್‌ಗಳಲ್ಲಿ ಹಲವಕ್ಕೆ ಕನಿಷ್ಠ 0.5ರಿಂದ 1 ಬಾರ್ ಬೇಕೆಂದು ಅವುಗಳ ಜೊತೆ ಬರುವ ಚೀಟಿಯಲ್ಲಿಯೇ ಮುದ್ರಿಸಿರುತ್ತಾರೆ. ಅಂಥದ್ದನ್ನು ತಂದು ಮೇಲಿನ ಮಹಡಿಗೆ ಹಾಕಿದರೆ ನೀರು ಜಿನುಗುವುದು ಸಹಜವೇ ಹೊರತು, ಅದು ಶವರಿನ ದೋಷವಲ್ಲ, ಪ್ಲಂಬರನ ದೋಷವೂ ಅಲ್ಲ.

ಪತ್ತೆ ಮಾಡುವ ಕೆಲಸಕ್ಕೆ ಒಂದು ಬಕೆಟ್ಟು, ಒಂದು ಗಡಿಯಾರ, ಒಂದು ಸ್ಪ್ಯಾನರ್ ಸಾಕು. ಶವರ್ ಪೂರ್ತಿ ತೆರೆದು 15 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕಾಗುತ್ತದೆಂದು ನೋಡಿಕೊಳ್ಳಿ. ಎರಡು ನಿಮಿಷದೊಳಗೆ ತುಂಬಿದರೆ ನಿಮಿಷಕ್ಕೆ ಏಳೂವರೆ ಲೀಟರ್ ಆಯಿತು, ಸ್ನಾನಕ್ಕೆ ಅದು ಸಾಲದೆಂದು ಹೇಳಲಾಗದು. ಬಳಿಕ ಶವರ್ ಹೆಡ್ ಕಳಚಿ, ಬರಿಯ ಪೈಪಿನಿಂದ ಅದೇ ಬಕೆಟ್ ತುಂಬಿಸಿ. ಈಗ ಸಮಯ ಗಮನಾರ್ಹವಾಗಿ ತಗ್ಗಿದರೆ ತೊಂದರೆ ಕೈಯಲ್ಲಿ ಹಿಡಿದಿರುವ ಹೆಡ್ಡಿನಲ್ಲಿಯೇ ಇದೆ. ತಗ್ಗದಿದ್ದರೆ ಹಿಂದಕ್ಕೆ ಹೋಗಬೇಕು. ತಣ್ಣೀರನ್ನೂ ಬಿಸಿನೀರನ್ನೂ ಬೇರೆಬೇರೆಯಾಗಿ ಅಳೆದು ನೋಡುವುದನ್ನು ಮರೆಯಬಾರದು, ಏಕೆಂದರೆ ಮುಂದಿನ ಹುಡುಕಾಟವೆಲ್ಲ ಆ ವ್ಯತ್ಯಾಸದ ಮೇಲೆ ನಿಂತಿರುತ್ತದೆ.

ಹೆಡ್ಡನ್ನು ಬಿಚ್ಚಿ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ರಬ್ಬರ್ ವಾಷರ್, ಅದರೊಳಗೆ ಸಣ್ಣ ಜಾಲರಿ ಕಾಣುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಆ ಜಾಲರಿಯ ಮೇಲೆ ಸಾಮಾನ್ಯವಾಗಿ ಸಿಗುವುದು ಸಾಸಿವೆಯಷ್ಟು ಗಾತ್ರದ ಮರಳು, ಕಂದು ತುಕ್ಕಿನ ಚೂರು ಮತ್ತು ಜೋಡಣೆಯ ವೇಳೆ ಒಳಗೆ ಸೇರಿದ ಬಿಳಿ ಟೆಫ್ಲಾನ್ ಟೇಪಿನ ಎಳೆ. ಮುಂಬದಿಯ ರಂಧ್ರಗಳ ಸುತ್ತ ಬಿಳಿಯ ಪೆಡಸು ಕಟ್ಟಿದ್ದರೆ ಅದು ಗಡಸು ನೀರಿನ ಸುಣ್ಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ರಿಯಾಯಿತಿ. ನಮ್ಮ ಕೊಳವೆಬಾವಿಗಳಲ್ಲಿ 200ನ್ನು ದಾಟಿದವು ಬೇಕಾದಷ್ಟಿವೆ. ಬಿಳಿ ವಿನೆಗರ್‌ನಲ್ಲಿ ಅಥವಾ ಬೆಚ್ಚನೆಯ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಅದರಲ್ಲಿ ಹೆಡ್ಡನ್ನು ಕೆಲವು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬಹುಪಾಲು ಬಿಟ್ಟುಕೊಳ್ಳುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಸುರಿಯುವವರನ್ನು ನೋಡಿದ್ದೇನೆ. ಸುಣ್ಣದ ಜೊತೆಗೆ ಕ್ರೋಮ್ ಲೇಪನವೂ ಎದ್ದುಬರುತ್ತದೆ. ಕೆಲವು ಹೆಡ್‌ಗಳ ಒಳಗೆ ನೀರುಳಿತಾಯದ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಅಪಾರ್ಟ್‌ಮೆಂಟ್, ಹೋಟೆಲ್ ಮುಂತಾದ ಕಡೆ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಸಾಧನ) ಕಡ್ಡಾಯ ಮಾಡಿತ್ತು, ಮಾಡಿದ್ದು ಸರಿಯೇ. ಆದರೆ ಪಂಪಿನ ಒತ್ತಡದಲ್ಲಿ ಚೆನ್ನಾಗಿ ಕೆಲಸ ಮಾಡುವ ಬಿಲ್ಲೆಯು 0.25 ಬಾರ್ ಇರುವ ಕಡೆ ಹರಿವನ್ನು ಪೂರ್ತಿ ಕಟ್ಟಿಹಾಕಬಹುದು.

ಹೆಡ್ ಕಳಚಿದರೂ ನೀರು ಸೊರಗಿಯೇ ಇದ್ದರೆ, ಅದೇ ಬಚ್ಚಲಿನ ಕೆಳಗಿನ ನಲ್ಲಿಯನ್ನು ತೆರೆದು ನೋಡಬೇಕು. ನಲ್ಲಿ ಚೆನ್ನಾಗಿದ್ದು ಶವರ್ ಮಾತ್ರ ಮಂದವಾಗಿದ್ದರೆ ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್‌ನ ಮೇಲೆ ಅನುಮಾನ ಪಡಿ. ಗೋಡೆಯೊಳಗೆ ಹುದುಗಿಸಿದ ಡೈವರ್ಟರಿನ ಕಾರ್ಟ್ರಿಜ್‌ನಲ್ಲಿ (ಕಳಚಿ ತೆಗೆಯಬಹುದಾದ ಒಳಭಾಗ) ದಾರಿ ಕಿರಿದಾಗಿರುತ್ತದೆ; ಹೊಸ ಮನೆಗಳಲ್ಲಿ ಪೈಪನ್ನು ತೊಳೆಯದೆಯೇ ಫಿಟಿಂಗ್ ಕೂರಿಸುವುದರಿಂದ ಸಿಮೆಂಟಿನ ಪುಡಿ, ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಅಂಟಿನ ಗಟ್ಟಿಯಾದ ಚೂರು ಅಲ್ಲಿ ಹೋಗಿ ಕೂರುತ್ತವೆ. ತಾರಸಿಯ ವಾಲ್ವ್ ಮುಚ್ಚಿ ಕಾರ್ಟ್ರಿಜ್ ಹೊರತೆಗೆದು ತೊಳೆದರೆ ಸಾಕು, ಟೈಲ್ಸ್ ಒಡೆಯುವ ಅಗತ್ಯ ಬರುವುದಿಲ್ಲ.

ಮನೆಯ ಎಲ್ಲ ನಲ್ಲಿಗಳೂ ಮಂದವಾಗಿದ್ದರೆ ನೇರವಾಗಿ ತಾರಸಿಗೆ ಹತ್ತಿ. ಟ್ಯಾಂಕಿನಿಂದ ಹೊರಡುವ ಪೈಪಿಗೆ ಹಾಕಿದ ಗೇಟ್ ವಾಲ್ವ್ ಬಹಳ ಮೋಸದ ವಸ್ತು. ಒಳಗಿನ ಹಿತ್ತಾಳೆಯ ತಟ್ಟೆಯು ಅದನ್ನು ಎತ್ತಿಳಿಸುವ ಸ್ಪಿಂಡಲ್‌ನಿಂದ ಕಳಚಿಕೊಂಡು ಅರ್ಧಕ್ಕೆ ಸಿಕ್ಕಿಹಾಕಿಕೊಂಡರೂ ಮೇಲಿನ ಚಕ್ರ ಸಲೀಸಾಗಿ ತಿರುಗುತ್ತಲೇ ಇರುತ್ತದೆ, ವಾಲ್ವ್ ಪೂರ್ತಿ ತೆರೆದಿದೆ ಎಂದೇ ಮನೆಯವರು ಭಾವಿಸುತ್ತಾರೆ. ಅದನ್ನು ತೆಗೆದು, ಹಿಡಿಯನ್ನು ಕಾಲು ಸುತ್ತು ತಿರುಗಿಸಿ ತೆರೆಯುವ ಬಾಲ್ ವಾಲ್ವ್ ಹಾಕುವುದೇ ಒಳ್ಳೆಯದು. ಶವರ್ ಒಂದನ್ನೇ ತೆರೆದಾಗ ಸರಿಯಿದ್ದು, ಅಡುಗೆಮನೆಯಲ್ಲಿ ನಲ್ಲಿ ತೆರೆದ ಕೂಡಲೇ ಹರಿವು ಕುಸಿಯುತ್ತದೆ ಎಂದಾದರೆ ಪೈಪಿನ ಅಳತೆಯದೇ ತೊಂದರೆ. ಅದೇ ಹರಿವಿಗೆ ಮುಕ್ಕಾಲಿಂಚಿನ ಪೈಪಿನಲ್ಲಿ ಆಗುವ ಒತ್ತಡದ ನಷ್ಟಕ್ಕಿಂತ ಅರ್ಧ ಇಂಚಿನದರಲ್ಲಿ ಆರೇಳು ಪಟ್ಟು ಹೆಚ್ಚು ನಷ್ಟವಾಗುತ್ತದೆ. ತಾರಸಿಯಿಂದ ಇಳಿಯುವ ಮುಖ್ಯ ಪೈಪನ್ನೇ ಅರ್ಧ ಇಂಚಿನಲ್ಲಿ ಮುಗಿಸಿದ ಮನೆಗಳಲ್ಲಿ, ಬಚ್ಚಲಿಗೆಂದೇ ಟ್ಯಾಂಕಿನಿಂದ ಒಂದಿಂಚಿನ ಬೇರೆ ಪೈಪ್ ಎಳೆದರೆ ಪಂಪಿನ ಮಾತೇ ಬರುವುದಿಲ್ಲ.

ತಣ್ಣೀರು ಸರಿಯಿದ್ದು ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಗೀಸರ್‌ನ ಒಳಹರಿವಿನಲ್ಲಿರುವ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವನ್ನು ಪರೀಕ್ಷಿಸಿ. ಅದರೊಳಗಿನ ಸ್ಪ್ರಿಂಗಿನ ಸುತ್ತ ಸುಣ್ಣ ಕಟ್ಟಿರುತ್ತದೆ. ಗಡಸು ನೀರು ಕಾದಷ್ಟೂ ಸುಣ್ಣ ಬಿಡುವುದರಿಂದ ಹೊರಹರಿವಿನ ಪೈಪೂ ಒಳಗಿನಿಂದ ಕಿರಿದಾಗಿರಬಹುದು. ಬಿಚ್ಚುವ ಮೊದಲು ಗೀಸರಿನ ವಿದ್ಯುತ್ತನ್ನು ಎಂಸಿಬಿಯಲ್ಲೇ (ಮೀಟರ್ ಬೋರ್ಡಿನ ಸ್ವಿಚ್) ಆರಿಸಿ, ನೀರು ತಣಿಯಲು ಬಿಡಬೇಕು. ಸೋಲಾರ್ ಇರುವ ಮನೆಯಲ್ಲಿ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಬಿಸಿನೀರು ನಿಂತುಹೋದರೆ ಅದು ಗಾಳಿ ಕಟ್ಟಿದ ಲಕ್ಷಣ. ಪೈಪು ಎಲ್ಲಿ ಮೇಲೆ ಬಾಗಿ ಇಳಿಯುತ್ತದೋ ಅಲ್ಲಿ ಗಾಳಿಯ ಪೈಪೊಂದನ್ನು ಟ್ಯಾಂಕಿನ ಮಟ್ಟಕ್ಕಿಂತ ಎತ್ತರಕ್ಕೆ ಏರಿಸುವುದೇ ಅದಕ್ಕೆ ಶಾಶ್ವತ ಪರಿಹಾರ.

ಇಷ್ಟೆಲ್ಲ ನೋಡಿದ ಮೇಲೂ ಎತ್ತರವೇ ಸಾಲದೆಂದಾದರೆ ಎರಡು ದಾರಿಗಳಿವೆ. ಟ್ಯಾಂಕನ್ನು ಇನ್ನೂ 2 ಮೀಟರ್ ಏರಿಸಿದರೆ 0.2 ಬಾರ್ ಹೆಚ್ಚುತ್ತದೆ, ಆದರೆ 1000 ಲೀಟರ್ ನೀರೆಂದರೆ ಒಂದು ಟನ್ ಭಾರ. ಕೆಳಗೆ ತೊಲೆ, ಕಂಬ ಎಲ್ಲಿವೆಯೆಂದು ಇಂಜಿನಿಯರಿಗೆ ತೋರಿಸದೆ ಕಟ್ಟೆ ಕಟ್ಟಬಾರದು. ಇನ್ನೊಂದು ದಾರಿ ಪಂಪ್. ಅದು ಟ್ಯಾಂಕಿನಿಂದ ಹೊರಡುವ ಪೈಪಿನಲ್ಲಿ, ಟ್ಯಾಂಕಿನ ಬುಡದಲ್ಲೇ ನೆರಳಿನಲ್ಲಿರಬೇಕು. ಕಾವೇರಿ ನೀರಿನ ಸಂಪರ್ಕಕ್ಕೆ ನೇರವಾಗಿ ಮೋಟಾರ್ ಕೂರಿಸುವುದು ನಿಷಿದ್ಧ. ಗೀಸರಿನ ಮೇಲೆ ನಮೂದಿಸಿದ ಒತ್ತಡದ ಮಿತಿಯನ್ನು ಓದಿ, ಅದಕ್ಕೆ ಒಳಪಟ್ಟ ಪಂಪನ್ನೇ ಆರಿಸಿ. ಕರೆಂಟು ಹೋದಾಗ ನೀರು ನಿಲ್ಲದಂತೆ ಪಂಪಿನ ಪಕ್ಕದಿಂದ ನಾನ್ ರಿಟರ್ನ್ ವಾಲ್ವ್ ಇರುವ ಬೈಪಾಸ್ ಪೈಪ್ ಹಾಕಿಸಿಕೊಳ್ಳಿ. ಹರಿವಿನಿಂದ ಚಾಲೂ ಆಗುವ ಫ್ಲೋ ಸ್ವಿಚ್ ಪಂಪುಗಳು, ಶವರಿನಲ್ಲಿ ನೀರು ತೀರಾ ಸಣ್ಣಗೆ ಬರುತ್ತಿದ್ದರೆ ಏಳುವುದೇ ಇಲ್ಲ. ಅಂಥ ಕಡೆ ಪೈಪಿನ ಒತ್ತಡ ತಗ್ಗಿದಾಗ ಚಾಲೂ ಆಗುವ ಪ್ರೆಷರ್ ಸ್ವಿಚ್ ಪಂಪೇ ಸರಿ. ಅದು ನಡುರಾತ್ರಿ ಯಾರೂ ನಲ್ಲಿ ತೆರೆಯದಿದ್ದರೂ ಆಗಾಗ ಓಡಿ ನಿಲ್ಲುತ್ತಿದ್ದರೆ ಪಂಪಿನ ಅಂಗಡಿಗೆ ಫೋನ್ ಮಾಡುವ ಮೊದಲು ಫ್ಲಷ್ ಟ್ಯಾಂಕ್ ಸೋರುತ್ತಿದೆಯೇ ಎಂದು ನೋಡಿ.