ಮೂರು ದಿಂಬಿನ ಹವಾಲ್ದಾರರು

ಕಳೆದ ವಾರ ನಿವೃತ್ತ ಹವಾಲ್ದಾರರೊಬ್ಬರು ಕಣ್ಣಿನ ಆಸ್ಪತ್ರೆಗೆ ರೆಫರಲ್ ಬೇಕೆಂದು ನಮ್ಮ ಪಾಲಿಕ್ಲಿನಿಕ್‌ಗೆ ಬಂದಿದ್ದರು. ಬೇರೇನಾದರೂ ತೊಂದರೆಯಿದೆಯೇ ಎಂದು ಕೇಳಿದೆ. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, ‘ಏನೂ ಇಲ್ಲ ಸಾರ್, ಫಿಟ್ ಇದ್ದೀನಿ’ ಎಂದರು. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ತಡೆಯಲಾರದೆ, ‘ರಾತ್ರಿ ಮೂರು ದಿಂಬು ಇಟ್ಕೊಂಡು ಮಲಗ್ತಾರೆ ಡಾಕ್ಟ್ರೇ, ಇಲ್ಲದಿದ್ರೆ ಉಸಿರು ಕಟ್ಟುತ್ತಂತೆ’ ಎಂದರು. ಕಾಲುಚೀಲ ಇಳಿಸಿ ಕಣಕಾಲನ್ನು ಒತ್ತಿದರೆ ನನ್ನ ಹೆಬ್ಬೆರಳಿನ ಗುಳಿ ಹಾಗೆಯೇ ಉಳಿಯಿತು. ಕಣ್ಣಿನ ಚೀಟಿಯನ್ನು ಬದಿಗಿಟ್ಟು, ಆ ದಿನವೇ ಹೃದ್ರೋಗ ತಜ್ಞರ ಬಳಿಗೆ ಕಳಿಸಿದೆ.

ಹೀಗೆ ಮುಚ್ಚಿಡುವುದನ್ನು ಅವರು ಕಲಿತದ್ದು ಪಲ್ಟನ್ನಿನಲ್ಲಿ. ಅಲ್ಲಿ ಎಂ.ಐ. ರೂಮಿನ, ಅಂದರೆ ಯೂನಿಟ್ಟಿನ ಚಿಕಿತ್ಸಾ ಕೊಠಡಿಯ, ನರ್ಸಿಂಗ್ ಅಸಿಸ್ಟೆಂಟ್ ಜವಾನರ ಜೊತೆಗೇ ಲಂಗರಿನಲ್ಲಿ (ಸಾಮೂಹಿಕ ಊಟದ ಮನೆಯಲ್ಲಿ) ಉಣ್ಣುವವನಾದ್ದರಿಂದ ನಿಜ ಅವನ ಕಿವಿಗೆ ಬೀಳುತ್ತದೆ, ಆದರೆ ರೋಗನಿರ್ಣಯ ಅವನ ಕೆಲಸವಲ್ಲ. ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಎಂಬಿಬಿಎಸ್ ಓದಿದ ಅಧಿಕಾರಿ. ಆದರೆ ರೋಗಿಯ ನೋವಿನಷ್ಟೇ ಯೂನಿಟ್ಟಿನ ಫಿಟ್‌ನೆಸ್‌ಗೂ ಆತ ಹೊಣೆಗಾರ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಂಬ ಐದನ್ನು ಅಳೆಯುವ ‘ಶೇಪ್’ ಎಂಬ ವೈದ್ಯಕೀಯ ಕೆಟಗರಿ ಇಳಿಯುವ ದಾರಿ ಸಾಮಾನ್ಯವಾಗಿ ಆತನ ಮೇಜಿನಿಂದಲೇ ಶುರುವಾಗುತ್ತದೆ, ಮತ್ತು ಕೆಟಗರಿ ಇಳಿದರೆ ಬಡ್ತಿಗೂ ಪೋಸ್ಟಿಂಗ್‌ಗೂ ತೊಡಕಾಗಬಹುದು. ನಾನೇ ಆ ಕುರ್ಚಿಯಲ್ಲಿ ಕೂತಿದ್ದಾಗ ಎಷ್ಟು ಮಂಡಿನೋವುಗಳು ನನ್ನಿಂದ ತಪ್ಪಿಸಿಕೊಂಡವೋ!

2003ರಲ್ಲಿ ಆರಂಭವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ವೈದ್ಯನಿಗೆ ಈ ಅಧಿಕಾರ ಯಾವುದೂ ಇಲ್ಲ. ನಾನು ಗುತ್ತಿಗೆಯವನು. ನಿಮ್ಮ ಕೆಟಗರಿಯನ್ನು ಇಳಿಸಲಾರೆ, ಪಿಂಚಣಿಯನ್ನು ಮುಟ್ಟಲಾರೆ, ಕಮಾಂಡಿಂಗ್ ಆಫೀಸರಿಗೆ ಪತ್ರ ಬರೆಯಲಾರೆ. ಇದನ್ನು ದಿನಕ್ಕೆ ಹತ್ತು ಸಲ ಹೇಳಿದರೂ, ರೆಫರಲ್ ಚೀಟಿಗೆ ಸಹಿ ಹಾಕುವ ಗುಮಾಸ್ತನೆಂದು ನನ್ನನ್ನು ತಿಳಿದು, ನಿಜವಾದ ಕಾಯಿಲೆಯನ್ನು ‘ದೊಡ್ಡ ಡಾಕ್ಟರಿಗೆ’ ಕಾದಿರಿಸುವವರು ಕಡಿಮೆಯಾಗಿಲ್ಲ. ಕಣ್ಣಿನ ತಜ್ಞರು ಕಣ್ಣು ನೋಡುತ್ತಾರೆ; ನೀವು ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರೆಂದು ಅವರು ಕೇಳುವುದು ಅಪರೂಪ.

‘ಸಿವಿಲ್ ಡಾಕ್ಟರಿಗೆ ಫೌಜಿಯ ಕಷ್ಟ ಏನು ಗೊತ್ತು’ ಎಂದು ನನ್ನ ಸಹೋದ್ಯೋಗಿ ವೈದ್ಯೆಯನ್ನು ಬಿಟ್ಟು ನನ್ನ ಸಾಲಿನಲ್ಲೇ ನಿಲ್ಲುವವರೂ ಇದ್ದಾರೆ. ಪಲ್ಟನ್ನಿನಲ್ಲಿ ನಾನು ನೋಡಿದ್ದು ಹೆಚ್ಚಾಗಿ ಇಪ್ಪತ್ತೈದರ ಗಟ್ಟಿಮುಟ್ಟಾದ ಹುಡುಗರನ್ನು. ವಯಸ್ಸಾದವರ ಸಕ್ಕರೆ, ಬಿಪಿಗಳಲ್ಲಿ ಆಕೆಯ ಅನುಭವವೇ ದೊಡ್ಡದು.

ಎದೆನೋವು, ಪಾರ್ಶ್ವವಾಯುವಿನಂಥ ತುರ್ತಿನಲ್ಲಿ ಮಾತ್ರ ನಮ್ಮಿಬ್ಬರನ್ನೂ ಕಾಯಬೇಡಿ, ರೆಫರಲ್ ಇಲ್ಲದೆಯೇ ಹತ್ತಿರದ ಆಸ್ಪತ್ರೆಗೆ ಹೋಗಿ. ಅದು ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ.