ಇಂಜಿನ್ ಕುದಿಯುತ್ತದೆ, ಹೀಟರ್ ತಣ್ಣಗಿರುತ್ತದೆ

ಲಾರಿ ಏರು ಹತ್ತುತ್ತಿದೆ. ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದೆ. ಕ್ಯಾಬಿನ್ನಿನ ಹೀಟರ್ ಮಾತ್ರ ತಣ್ಣನೆ ಗಾಳಿ ಊದುತ್ತಿದೆ. ಇದನ್ನು ನೋಡಿ 'ಎರಡು ರಿಪೇರಿ ಇದೆ' ಎನ್ನುವವರೇ ಜಾಸ್ತಿ. ಥರ್ಮೋಸ್ಟಾಟ್ (ರೇಡಿಯೇಟರಿಗೆ ಹೋಗುವ ದಾರಿಯ ಬಾಗಿಲು) ಕಿತ್ತು ಬಿಸಾಕಿ, ಹೀಟರ್ ಬದಲಿಸಿ ಅಂತ ಸಲಹೆ ಬೇರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬಹಳಷ್ಟು ಸಲ ಕಾಯಿಲೆ ಒಂದೇ: ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಇರಬೇಕಾದ ಕಡೆ ಗಾಳಿ ಸೇರಿಕೊಂಡಿದೆ.

ಹೀಟರಿನೊಳಗೆ ಇರುವುದು ಇನ್ನೊಂದು ಪುಟ್ಟ ರೇಡಿಯೇಟರ್, ಅಷ್ಟೇ. ಇಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೆ ಹರಿಯದಿದ್ದರೆ ಬಿಸಿಗಾಳಿ ಎಲ್ಲಿಂದ ಬರಬೇಕು? ಎಷ್ಟೋ ಗಾಡಿಗಳಲ್ಲಿ ಅದು ಎತ್ತರದಲ್ಲಿ ಕೂತಿರುತ್ತದೆ. ಹಾಗಾಗಿ ಕೂಲೆಂಟ್ ಇಳಿದರೆ ಮೊದಲು ಬರಿದಾಗುವುದೂ ಅದೇ.

ಗಾಳಿ ಸೇರಿದರೆ ಏನಂತೆ ಅನ್ನಬಹುದು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,200 ಜೂಲ್ ಶಾಖ ಹೀರಿಕೊಳ್ಳುತ್ತದೆ. ಒಂದು ಲೀಟರ್ ಗಾಳಿಗೆ ಸುಮಾರು 1.2 ಜೂಲ್ ಸಾಕು. ಅಂದರೆ ಮೂರು ಸಾವಿರ ಪಟ್ಟಿಗೂ ಹೆಚ್ಚು ವ್ಯತ್ಯಾಸ! ಗಾಳಿಯಿಂದ ಇಂಜಿನ್ ತಣಿಸುವುದು ಸೌಟಿನಲ್ಲಿ ಹೊಗೆ ಮೊಗೆದ ಹಾಗೆ. ಕೂಲೆಂಟ್ ಹರಿಸುವ ಪಂಪಿನ ಕಥೆಯೂ ಅದೇ. ಅದರ ರೆಕ್ಕೆಗಳು ನೀರನ್ನು ಬೀಸಿ ಎಸೆಯುತ್ತವೆ, ಗಾಳಿಯನ್ನು ಎಸೆಯಲಾರವು. ಕವಣೆಯಲ್ಲಿ ಕಲ್ಲಿನ ಬದಲು ಹತ್ತಿ ಇಟ್ಟು ಬೀಸಿ ನೋಡಿ. ಏರ್ ಲಾಕ್ ಆದ ಮೋಟಾರ್ ಗುಂಯ್ ಎನ್ನುತ್ತಾ ಸುಮ್ನೆ ತಿರುಗುತ್ತದಲ್ವಾ, ಹಾಗೆಯೇ.

1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೈಬಾಖ್ ಮಾಡಿದ ಜೇನುಗೂಡಿನಂಥ ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ನೀರು ಹೊತ್ತು ತಂದ ಶಾಖವನ್ನು ಗಾಳಿಯ ತಲೆಗೆ ಹೊರಿಸಲು ಅಷ್ಟೆಲ್ಲ ಒದ್ದಾಡಬೇಕಾಯಿತು.

ಮೀಟರನ್ನೂ ಪೂರ್ತಿ ನಂಬಬೇಡಿ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಸುತ್ತ ಗಾಳಿ ತುಂಬಿದರೆ ಮುಳ್ಳು ತಟ್ಟನೆ ಇಳಿಯಲೂಬಹುದು. 'ಅಬ್ಬಾ, ತಣ್ಣಗಾಯ್ತು' ಅಂತ ಗಾಡಿ ಓಡಿಸಿದರೆ ಇಂಜಿನ್ ಕಥೆ ಮುಗಿಯಿತು.

ಇನ್ನು ಥರ್ಮೋಸ್ಟಾಟ್. ಒಳಗಿನ ಮೇಣ ಸುಮಾರು 80ರಿಂದ 90 ಡಿಗ್ರಿಯಲ್ಲಿ ಕರಗಿ, ಹಿಗ್ಗಿ, ಬಾಗಿಲು ತಳ್ಳುತ್ತದೆ. ಮುಚ್ಚಿದಂತೆಯೇ ಕಚ್ಚಿಕೊಂಡರೆ ಇಂಜಿನ್ ಕುದಿಯುತ್ತದೆ ನಿಜ. ಆದರೆ ಸಾಮಾನ್ಯವಾಗಿ ಹೀಟರಿಗೆ ಬೇರೆ ದಾರಿ ಇರುವುದರಿಂದ ಅದು ಬಿಸಿಯಾಗಿಯೇ ಇರುತ್ತದೆ. ತೆರೆದಂತೆಯೇ ಉಳಿದರೆ ಹೀಟರ್ ಉಗುರು ಬೆಚ್ಚಗಾಗುತ್ತದೆ, ಆಗ ಇಂಜಿನ್ ಕುದಿಯುವುದಿಲ್ಲ. ಎರಡೂ ನಮ್ಮ ಲಾರಿಗೆ ಹೊಂದುವುದಿಲ್ಲ. ಪಾಪ, ಅದನ್ನು ಯಾಕೆ ಕೀಳುತ್ತೀರಿ?

ಇಂಜಿನ್ ಬಿಸಿಯಿದ್ದಾಗ ಹೀಟರಿಗೆ ಹೋಗುವ ಎರಡು ಪೈಪುಗಳ ಹತ್ತಿರ ಕೈ ಹಿಡಿಯಿರಿ. ಎರಡೂ ಬಿಸಿ ಇದ್ದರೆ ಕೂಲೆಂಟ್ ಹರಿಯುತ್ತಿದೆ, ತೊಂದರೆ ಬಿಸಿಗಾಳಿಯನ್ನು ಕ್ಯಾಬಿನ್ನಿಗೆ ಬಿಡುವ ಕದದಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರ್ ಒಳಗೆ ಕಟ್ಟಿಕೊಂಡಿದೆ. ಹೀಟರ್ ವಾಲ್ವ್ ತೆರೆದಿದ್ದೂ ಎರಡೂ ತಣ್ಣಗಿದ್ದರೆ ಕೂಲೆಂಟ್ ಅಲ್ಲಿಗೆ ತಲುಪುತ್ತಲೇ ಇಲ್ಲ.

ಹಾಗಂತ ತಕ್ಷಣ ರೇಡಿಯೇಟರ್ ಮುಚ್ಚಳ ತಿರುಗಿಸಬೇಡಿ. ಅದು ದೆನಿ ಪಾಪಿನ್ 1679ರಲ್ಲಿ ತೋರಿಸಿದ ಪ್ರೆಶರ್ ಕುಕ್ಕರಿನ ತಮ್ಮ. ಒತ್ತಡ ವಾತಾವರಣಕ್ಕಿಂತ ಒಂದು ಪಟ್ಟು ಹೆಚ್ಚಿದರೆ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ. ಮುಚ್ಚಳ ತೆಗೆದ ಕ್ಷಣ ಒಳಗಿನದು ಕುದಿದು ಮುಖಕ್ಕೇ ಎರಚುತ್ತದೆ.

ತಣ್ಣಗಾದ ಮೇಲೆ ಕೂಲೆಂಟ್ ತುಂಬಿಸಿ, ಗಾಳಿ ಹೊರಗೆ ಬಿಟ್ಟರೆ ಸರಿಹೋಗುತ್ತದೆ. ವಾರದಲ್ಲಿ ಮತ್ತೆ ಅದೇ ರಗಳೆ ಬಂದರೆ? ಆಗ ಕೇಳಬೇಕಾದ್ದು ಗಾಳಿ ಎಲ್ಲಿಂದ ಬರುತ್ತಿದೆ ಅಂತ. ಎಲ್ಲೋ ಸೋರಿಕೆ ಇರಬಹುದು, ಮುಚ್ಚಳದ ರಬ್ಬರ್ ಸತ್ತಿರಬಹುದು. ಅವು ಸರಿಯಿದ್ದರೆ ನನ್ನ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಸಿಲಿಂಡರುಗಳಿಗೂ ಅವುಗಳ ಮೇಲಿನ ಮುಚ್ಚಳಕ್ಕೂ ನಡುವೆ ಸೋರದಂತೆ ಕೂರಿಸಿದ ಹಾಳೆಯ ಮೇಲೆ. ಡೀಸೆಲ್ ಇಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡ ವಾತಾವರಣದ ನೂರು ಪಟ್ಟು ದಾಟಬಹುದು. ಗ್ಯಾಸ್ಕೆಟಿನಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು, ಉರಿದ ಅನಿಲ ಕೂಲೆಂಟಿಗೆ ನುಗ್ಗುತ್ತದೆ. ಇಲ್ಲಿ ತುಂಬಿಸುವುದು ನೀವು, ಅಲ್ಲಿ ಊದುವುದು ಅದು.

ಹಿಡಿಯುವುದು ಸುಲಭ. ಬೆಳಿಗ್ಗೆ ತಣ್ಣನೆ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪ್ ಕಲ್ಲಿನಂತೆ ಬಿಗಿಯುತ್ತದೆ. ಮೆಕ್ಯಾನಿಕ್ ಹತ್ತಿರ ನೀಲಿ ದ್ರವ ತುಂಬಿದ ಒಂದು ಗಾಜಿನ ಕೊಳವೆಯೂ ಸಿಗುತ್ತದೆ. ಅದನ್ನು ರೇಡಿಯೇಟರ್ ಬಾಯಿಗಿಟ್ಟು ಒಳಗಿನ ಆವಿ ಹೀರಿಸುತ್ತಾರೆ. ಉರಿದ ಅನಿಲದ ಕಾರ್ಬನ್ ಡೈಆಕ್ಸೈಡ್ ತಗುಲಿದರೆ ನೀಲಿ ನಿಧಾನವಾಗಿ ಹಸಿರಾಗುತ್ತದೆ, ಆಮೇಲೆ ಹಳದಿ.